ಕಾಣೆಯಾದ ವ್ಯಕ್ತಿಗಳ ಪತ್ತೆ ಹಾಗೂ ಗುರುತು ನಿರ್ಣಯ: ಸಾರ್ವಜನಿಕರ ಪಾತ್ರ

ವ್ಯಕ್ತಿಯೊಬ್ಬರು ಕಾಣೆಯಾದಲ್ಲಿ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡತಕ್ಕದ್ದು. ಇದಕ್ಕಾಗಿ 24 ಗಂಟೆ ಕಾಯಬೇಕೆಂಬ ನಿಯಮವಿರುವುದಿಲ್ಲ. 18 ವರ್ಷದೊಳಗಿನ ಮಕ್ಕಳು ಕಾಣೆಯಾದಲ್ಲಿ, ಸರ್ವೋಚ್ಚ ನ್ಯಾಯಾಲಯದ 2013ರ ಆದೇಶದನ್ವಯ, ಅಪಹರಣ ಅಥವಾ ಮಾನವ ಸಾಗಾಣಿಕೆಯೆಂದು ಭಾವಿಸಿ ಪ್ರಥಮ ವರ್ತಮಾನ ವರದಿ ದಾಖಲಿಸಬೇಕಾಗಿರುತ್ತದೆ. ತುರ್ತು ನೆರವಿಗೆ 112 ಹಾಗೂ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ದೂರಿನೊಂದಿಗೆ ಒದಗಿಸಬೇಕಾದ ವಿವರಗಳು
1. ಇತ್ತೀಚಿನ ಭಾವಚಿತ್ರ, ವಯಸ್ಸು, ಎತ್ತರ, ಬಲ್ಲ ಭಾಷೆಗಳು.
2. ಕೊನೆಯ ಬಾರಿ ಕಂಡ ಸ್ಥಳ, ವೇಳೆ, ಧರಿಸಿದ್ದ ಉಡುಪು, ಮೊಬೈಲ್ ಸಂಖ್ಯೆ.
3. ಹಚ್ಚೆ, ಮಚ್ಚೆ, ಗಾಯದ ಗುರುತು. ದಂತ ಚಿಕಿತ್ಸೆಯ ದಾಖಲೆ, ಎಕ್ಸ್-ರೇ ಇದ್ದಲ್ಲಿ ಅವು.

ವಿಧಿವಿಜ್ಞಾನ ಪರೀಕ್ಷೆಗೆ ಸಹಕಾರ
ದೊರೆತ ಅಪರಿಚಿತ ಶವವನ್ನು ಮುಖಚಹರೆಯಿಂದ ಗುರುತಿಸಲಾಗದಿದ್ದಲ್ಲಿ ಡಿಎನ್‌ಎ ಹೋಲಿಕೆ ನೆರವಾಗುತ್ತದೆ. ಇದಕ್ಕೆ ತಂದೆ, ತಾಯಿ ಅಥವಾ ಮಕ್ಕಳ ರಕ್ತದ ಮಾದರಿ ಹೆಚ್ಚು ಸೂಕ್ತ; ಅವರಿಲ್ಲದಿದ್ದಲ್ಲಿ ಒಡಹುಟ್ಟಿದವರ ಮಾದರಿಯನ್ನು ಪರಿಗಣಿಸಬಹುದು. ಕಾಣೆಯಾದವರು ಬಳಸಿದ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಉಡುಪುಗಳನ್ನು ತೊಳೆಯದೆ, ಒಣಗಿದ ಸ್ಥಿತಿಯಲ್ಲಿ, ಪ್ರತ್ಯೇಕ ಕಾಗದದ ಲಕೋಟೆಗಳಲ್ಲಿ ಇಡತಕ್ಕದ್ದು. ಪ್ಲಾಸ್ಟಿಕ್ ಚೀಲದಲ್ಲಿ ತೇವಾಂಶ ಉಳಿದು ಮಾದರಿ ಕೆಡುವ ಸಂಭವವಿರುತ್ತದೆ.

ಅಪರಿಚಿತ ಶವ ಅಥವಾ ಮೂಳೆಗಳನ್ನು ಕಂಡವರು ಅವುಗಳನ್ನು ಮುಟ್ಟದೆ, ಸರಿಸದೆ ಪೊಲೀಸರಿಗೆ ತಿಳಿಸಬೇಕು. ಅವು ಇರುವ ಸ್ಥಿತಿಯೂ ಸಾಕ್ಷ್ಯವೇ ಆಗಿರುತ್ತದೆ.

ವಿಶೇಷ ಸೂಚನೆ
ದೂರಿನ ಸ್ವೀಕೃತಿಯನ್ನು ತಪ್ಪದೆ ಪಡೆದು ಜೋಪಾನವಾಗಿಡುವುದು. ಏಳು ವರ್ಷಗಳವರೆಗೆ ಸುಳಿವು ದೊರೆಯದಿದ್ದಲ್ಲಿ, ಮರಣದ ಪೂರ್ವಭಾವನೆಯ ಮೇರೆಗೆ ನ್ಯಾಯಾಲಯದ ಘೋಷಣೆ ಕೋರುವ ಕುಟುಂಬಕ್ಕೆ ಇದು ಮುಖ್ಯ ದಾಖಲೆಯಾಗುತ್ತದೆ. ಕಾಣೆಯಾದವರು ಮನೆಗೆ ಮರಳಿದಲ್ಲಿ ಆ ವಿಷಯವನ್ನೂ ಠಾಣೆಗೆ ಕೂಡಲೇ ತಿಳಿಸಲು ಕೋರಲಾಗಿದೆ.