ದಿ ಸೈಲೆಂಟ್ ಚೈಲ್ಡ್
ಕ್ರಿಸ್ ಓವರ್ಟನ್ ನಿರ್ದೇಶಿಸಿದ, 2017ರ ಬ್ರಿಟಿಷ್ ಸ್ವತಂತ್ರ ಕಿರುಚಿತ್ರ. ತೀವ್ರ ಕಿವುಡುತನವಿರುವ ನಾಲ್ಕು ವರ್ಷದ ಲಿಬ್ಬಿಗೆ ಸಾಮಾಜಿಕ ಕಾರ್ಯಕರ್ತೆ ಜೋಆನ್ ಸಂಜ್ಞಾಭಾಷೆಯನ್ನು, ಅಂದರೆ ಕೈಚಲನೆ ಹಾಗೂ ಮುಖಭಾವಗಳಿಂದ ರೂಪುಗೊಂಡ, ತನ್ನದೇ ವ್ಯಾಕರಣವುಳ್ಳ ಭಾಷೆಯನ್ನು ಕಲಿಸತೊಡಗಿದಾಗ ಮಗು ಗೆಲುವಾಗುತ್ತದೆ. ಆದರೆ ಮಗಳು ತುಟಿಚಲನೆ ಓದಿ ಮಾತಾಡುವುದನ್ನೇ ಕಲಿಯಲೆಂದು ಬಯಸುವ ತಾಯಿ ಆ ಪಾಠವನ್ನು ನಿಲ್ಲಿಸಿಬಿಡುತ್ತಾಳೆ. ಕೊನೆಗೆ, ಸಂಜ್ಞೆ ಬಲ್ಲವರಿಲ್ಲದ ಶಾಲೆಯ ಬೇಲಿಯಾಚೆ ನಿಂತ ಜೋಆನ್‌ಗೆ ಲಿಬ್ಬಿ ತನ್ನ ಪ್ರೀತಿಯನ್ನು ಬೆರಳುಗಳಲ್ಲೇ ತಿಳಿಸುವ ದೃಶ್ಯವು, ಹೆತ್ತವರ ಒಳ್ಳೆಯ ಉದ್ದೇಶವೂ ಮಗುವನ್ನು ಒಂಟಿಯಾಗಿಸಬಲ್ಲದು ಎಂಬುದನ್ನು ಮನಕಲಕುವಂತೆ ತೋರಿಸುತ್ತದೆ. ಚಿತ್ರಕಥೆ ಬರೆದು ಜೋಆನ್ ಪಾತ್ರ ವಹಿಸಿದ ರೇಚಲ್ ಶೆಂಟನ್ ಅವರ ತಂದೆ ಕಿಮೋಥೆರಪಿಯ ನಂತರ ಶ್ರವಣಶಕ್ತಿ ಕಳೆದುಕೊಂಡಿದ್ದರು. ಲಿಬ್ಬಿಯಾಗಿ ನಟಿಸಿದ ಮೇಸಿ ಸ್ಲೈ ಸ್ವತಃ ಕಿವುಡ ಬಾಲಕಿ. ಚಿತ್ರಕ್ಕೆ 2018ರಲ್ಲಿ ಆಸ್ಕರ್ ಪ್ರಶಸ್ತಿ ಬಂದಾಗ ಶೆಂಟನ್ ತಮ್ಮ ಭಾಷಣವನ್ನು ಸಂಜ್ಞೆಗಳಲ್ಲಿಯೂ ಮಾಡಿದರು.