ಗಡ್ಡೆ ಮುಟ್ಟಿದಾಗ ಏರುವ ಬಿ.ಪಿ.

ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆಯುವ ಫಿಯೊಕ್ರೊಮೊಸೈಟೋಮ ಗಡ್ಡೆಯನ್ನು ತೆಗೆದ ಚರಿತ್ರೆ ಬಹುಪಾಲು ಸರ್ಜನ್ನರ ಹೆಸರಿನಲ್ಲೇ ದಾಖಲಾಗಿದೆ. 1926ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸೆಸಾರ್ ರೂ, ಅಕ್ಟೋಬರಿನಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಚಾರ್ಲ್ಸ್ ಮೇಯೊ ಇಂಥ ಗಡ್ಡೆ ತೆಗೆದು ರೋಗಿಯನ್ನು ಉಳಿಸಿದರು. ಅವರ ಧೈರ್ಯ ದೊಡ್ಡದು, ನಿಜ. ಆದರೆ ಹೊಟ್ಟೆ ತೆರೆಯುವ ಮೊದಲು ಒಳಗೆ ಏನಿದೆಯೆಂದು ಇಬ್ಬರಿಗೂ ತಿಳಿದಿರಲಿಲ್ಲ. ಈ ಶಸ್ತ್ರಚಿಕಿತ್ಸೆ ನೆಚ್ಚಿಕೊಳ್ಳುವಂಥದ್ದಾಗಲು ರಕ್ತದೊತ್ತಡದ ಏರಿಳಿತ ಅರ್ಥವಾಗಬೇಕಾಯಿತು. ಅದರ ಹೆಚ್ಚಿನ ಶ್ರೇಯಸ್ಸು ಅರಿವಳಿಕೆ ತಜ್ಞರಿಗೂ ಔಷಧಶಾಸ್ತ್ರಕ್ಕೂ ಸಲ್ಲಬೇಕು.

ಸರ್ಜನ್ನರ ಬೆರಳು ಗಡ್ಡೆಗೆ ತಾಗಿದರೆ ಸಾಕು, ಅಡ್ರಿನಲಿನ್, ನಾರ್‌ಅಡ್ರಿನಲಿನ್ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತವೆ. ಒತ್ತಡ ಕ್ಷಣಾರ್ಧದಲ್ಲಿ 200 ದಾಟಬಹುದು. ಈ ಏರಿಕೆಯ ಭಯ ಎಲ್ಲರಿಗೂ ಗೊತ್ತು. ಇಳಿತವೂ ಅಷ್ಟೇ ಅಪಾಯಕಾರಿ. ಗಡ್ಡೆಯ ರಕ್ತನಾಳವನ್ನು ಕಟ್ಟಿದೊಡನೆ ಹಾರ್ಮೋನಿನ ಹರಿವು ನಿಂತು, ಒತ್ತಡ ಪಾತಾಳಕ್ಕಿಳಿಯುತ್ತದೆ. ಕಾರಣ ಹಳೆಯದು: ತಿಂಗಳುಗಟ್ಟಲೆ ಬಿಗಿದುಕೊಂಡ ರಕ್ತನಾಳಗಳೊಳಗೆ ರಕ್ತದ ಪ್ರಮಾಣವೇ ಕುಗ್ಗಿರುತ್ತದೆ. 1950ರ ದಶಕದಿಂದ ಬಳಕೆಗೆ ಬಂದ ಫೆಂಟೊಲಮೈನ್, ಫಿನಾಕ್ಸಿಬೆಂಜಮೈನ್‌ನಂಥ ಆಲ್ಫಾ ಬ್ಲಾಕರ್‌ಗಳು ಈ ಬಿಗಿತವನ್ನು ಸಡಿಲಿಸಿದವು. ಹಾಗೆಯೇ ಸರ್ಜರಿಗೆ ಮೊದಲೇ ಮಾತ್ರೆ ಕೊಡುವ, ಉಪ್ಪು, ನೀರು ಹೆಚ್ಚಿಸುವ ಪದ್ಧತಿ ಬೇರೂರಿತು. ಈಗ ಅದಕ್ಕೆ 7ರಿಂದ 14 ದಿನ ಮೀಸಲು. ಬೀಟಾ ಬ್ಲಾಕರ್ ಮಾತ್ರ ಎಂದೂ ಮೊದಲು ಬರಕೂಡದು. ನಾಳಗಳನ್ನು ಹಿಗ್ಗಿಸುವ ಬೀಟಾ ದಾರಿ ಮುಚ್ಚಿಹೋದರೆ, ಬಿಗಿಯುವ ಆಲ್ಫಾ ದಾರಿಗೆ ತಡೆಯೇ ಇರುವುದಿಲ್ಲ.

ರೂ, ಮೇಯೊ ಇಬ್ಬರೂ ಯಾವ ಮಾತ್ರೆಯೂ ಇಲ್ಲದೆ ಗೆದ್ದರಲ್ಲ ಎಂದು ಕೇಳಬಹುದು. ಬದುಕುಳಿದ ಇಬ್ಬರು ರೋಗಿಗಳನ್ನು ನೋಡಿ ಪದ್ಧತಿಯನ್ನು ಅಳೆಯಲಾಗದು. 2017ರಲ್ಲಿ ಜರ್ಮನಿಯ ಎಸ್ಸೆನ್ ತಂಡ ಎತ್ತಿದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆಲ್ಫಾ ಬ್ಲಾಕರ್ ಪಡೆದವರಲ್ಲೂ ಪಡೆಯದವರಲ್ಲೂ ಸರ್ಜರಿಯ ವೇಳೆಯ ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಇದನ್ನು ತಳ್ಳಿಹಾಕುವುದು ಅಪ್ರಾಮಾಣಿಕತೆ. ಆದರೆ ಅದು ಈ ಗಡ್ಡೆಗಳಲ್ಲೇ ಪಳಗಿದ, ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುವ ತಂಡ. ಒತ್ತಡ ಏರಿದ ಕೂಡಲೇ ಇಳಿಸುವ ಔಷಧಿ ಅವರ ಕೈಯಲ್ಲೇ ಇತ್ತು. ವರ್ಷಕ್ಕೊಂದು ಇಂಥ ಗಡ್ಡೆಯನ್ನೂ ಕಾಣದ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಆ ಎರಡು ವಾರದ ಮಾತ್ರೆಯನ್ನು ನಿರಾಕರಿಸಲು ಈ ಪುರಾವೆ ಸಾಲದು.