ಚಂದ್ರ ದೊಡ್ಡವನಾಗಬಾರದು

ಬೆಳದಿಂಗಳಲ್ಲಿ ನಡೆಯುವಾಗ ಚಂದ್ರನೂ ತನ್ನ ಜೊತೆಯಲ್ಲೇ ಬರುತ್ತಾನೆಂದು ಬಗೆಯದ ಮಗುವುಂಟೆ? ದಾರಿಯ ಪಕ್ಕದ ಬೇಲಿ ಸರಸರನೆ ಹಿಂದಕ್ಕೆ ಸರಿಯುತ್ತದೆ, ಅದರಾಚೆಯ ತೋಪು ನಿಧಾನವಾಗಿ ಸರಿಯುತ್ತದೆ. ಚಂದ್ರ ಮಾತ್ರ ಹಿಂದುಳಿಯುವುದೇ ಇಲ್ಲ. ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ಕಣ್ಣು ಅರಿಯುವ ಬಗೆಗಳಲ್ಲಿ ಇದೂ ಒಂದು.

ಈಗ ಒಂದೇ ಹಾಳೆಯ ಮೇಲೆ ಮನೆಯನ್ನೂ ಅದರ ಹಿಂದೆ ಚಂದ್ರನನ್ನೂ ಬರೆದು, ಕ್ಯಾಮರಾವನ್ನು ಹಾಳೆಯ ಸಮೀಪಕ್ಕೆ ಒಯ್ಯಿರಿ. ಮನೆ ದೊಡ್ಡದಾಗುತ್ತದೆ, ಸರಿ. ಆದರೆ ಚಂದ್ರನೂ ಅಷ್ಟೇ ಉಬ್ಬುತ್ತಾನೆ! ವಾಲ್ಟ್ ಡಿಸ್ನಿಯವರು 1957ರಲ್ಲಿ ತಮ್ಮ ಟೆಲಿವಿಷನ್ ಕಾರ್ಯಕ್ರಮದಲ್ಲಿ ಈ ತೊಡಕನ್ನೇ ಮುಂದಿಟ್ಟು, ತಮ್ಮ ಸಂಸ್ಥೆಯ ‘ಮಲ್ಟಿಪ್ಲೇನ್’ ಕ್ಯಾಮರಾವನ್ನು ವಿವರಿಸಿದ್ದರು. ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮರಾ; ಅದರ ಕೆಳಗೆ ಒಂದರಡಿ ಒಂದರಂತೆ ಚಿತ್ರದ ಗಾಜುಗಳು. ಹತ್ತಿರದ ಮರ ಮೇಲಿನ ಗಾಜಿನಲ್ಲಿ, ಮನೆ ಅದರ ಕೆಳಗೆ, ಚಂದ್ರ ಎಲ್ಲಕ್ಕೂ ತಳದಲ್ಲಿ. ಒಂದು ಸೆಕೆಂಡಿನ ಚಿತ್ರಕ್ಕೆ 24 ಚೌಕಟ್ಟುಗಳು ಬೇಕು. ಒಂದೊಂದು ಚೌಕಟ್ಟಿಗೂ ಗಾಜುಗಳನ್ನು ಕೂದಲೆಳೆಯಷ್ಟು ಸರಿಸಿ ನಿಲ್ಲಿಸಬೇಕು. ಒಂದು ಗಾಜು ತಪ್ಪಿದರೆ ಇಡೀ ದೃಶ್ಯವೇ ಕೆಟ್ಟಂತೆ. ವಿಲಿಯಂ ಗ್ಯಾರಿಟಿಯವರ ನೇತೃತ್ವದಲ್ಲಿ ಸಿದ್ಧವಾದ ಈ ಯಂತ್ರದ ಫಲ 1937ರ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಕಂಡುಬಂದಿತು. ಅದಕ್ಕೆ ಅಕಾಡೆಮಿ ಪ್ರಶಸ್ತಿಯೂ ಲಭಿಸಿತು.

ಇಲ್ಲಿಗೆ ಕಥೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಅದು ನ್ಯಾಯವಲ್ಲ. ಇದಕ್ಕೆ ಒಂದು ದಶಕಕ್ಕೂ ಮುಂಚೆ, ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಒಂದು ಗ್ಯಾರೇಜಿನ ಮೇಲಣ ಕೋಣೆಯಲ್ಲಿ, ಲೊಟ್ಟೆ ರೈನಿಗರ್ ಎಂಬ ಯುವತಿ ಇದೇ ಉಪಾಯದಿಂದ ಪೂರ್ಣಾವಧಿಯ ಚಿತ್ರವೊಂದನ್ನೇ ತೆಗೆದಿದ್ದರು. ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿದ ಬೊಂಬೆಗಳು. ಕೈಕಾಲುಗಳಿಗೆ ತಂತಿಯ ಕೀಲು. ಗಾಜಿನ ಮೇಜು, ಕೆಳಗಿನಿಂದ ಬೆಳಕು. ಹಿನ್ನೆಲೆ ಬೇರೆ ಗಾಜಿನಲ್ಲಿ, ಬೊಂಬೆ ಬೇರೆ ಗಾಜಿನಲ್ಲಿ. ಪತಿ ಕಾರ್ಲ್ ಕೋಖ್ ಹಾಗೂ ಕೆಲವೇ ಸಂಗಡಿಗರೊಡನೆ 1923ರಲ್ಲಿ ಹಿಡಿದ ‘ಪ್ರಿನ್ಸ್ ಅಖ್ಮದ್’ ಚಿತ್ರ 1926ರಲ್ಲಿ ತೆರೆ ಕಂಡಿತು. ಇಂದಿಗೆ ಉಳಿದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು ಅದೇ. ಡಿಸ್ನಿಯವರ ಯಂತ್ರ ದೊಡ್ಡದು, ನಿಜ. ಆದರೆ ಮೊದಲನೆಯದೆಂಬ ಹಿರಿಮೆ ಅದಕ್ಕೆ ಸಲ್ಲದು.

ಮುಂದೆ ಗಾಜಿನ ಕಾಲವೂ ಕಳೆಯಿತು. 1990ರ ‘ದಿ ರೆಸ್ಕ್ಯೂವರ್ಸ್ ಡೌನ್ ಅಂಡರ್’ ಚಿತ್ರದ ಪದರಗಳನ್ನೆಲ್ಲ ಕಂಪ್ಯೂಟರಿನಲ್ಲಿಯೇ ಜೋಡಿಸಲಾಯಿತು. 2001ರಲ್ಲಿ ‘ಆಫ್ಟರ್ ಎಫೆಕ್ಟ್ಸ್’ ಎಂಬ ತಂತ್ರಾಂಶ ತನ್ನ ಪದರಗಳಿಗೆ ಮೂರನೆಯ ಆಯಾಮವನ್ನು ಕೊಟ್ಟ ಮೇಲೆ, ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಈ ಕೆಲಸ ಸಾಧ್ಯವಾಯಿತು. ಗಾಜಿನ ಬದಲು ಈಗ ಅಂಕೆಗಳು: ಪದರ ಎಡಬಲಕ್ಕೆ ಎಷ್ಟು, ಮೇಲೆಕೆಳಗೆ ಎಷ್ಟು, ಆಳಕ್ಕೆ ಎಷ್ಟು ಎಂದು.

ಲೆಕ್ಕ ಮಾತ್ರ ಹಳೆಯದೇ. ಮನೆಯೂ ಚಂದ್ರನೂ ಕ್ಯಾಮರಾದಿಂದ 10 ಮಾರು ದೂರದಲ್ಲಿವೆ ಎನ್ನಿ. ಚಂದ್ರನನ್ನು 1000 ಮಾರು ದೂರಕ್ಕೆ ತಳ್ಳಿದರೆ ಆತ ಚುಕ್ಕೆಯಾಗುತ್ತಾನೆ. ಆದ್ದರಿಂದ ಅವನ ಪದರವನ್ನು 100 ಪಟ್ಟು ಹಿಗ್ಗಿಸಬೇಕು. ಆಗ ತೆರೆಯ ಮೇಲೆ ಮೊದಲಿನಷ್ಟೇ ಕಾಣುತ್ತಾನೆ. ಈಗ ಕ್ಯಾಮರಾವನ್ನು 5 ಮಾರು ಮುಂದಕ್ಕೆ ತನ್ನಿ. ಮನೆ ಇಮ್ಮಡಿಯಾಗುತ್ತದೆ, ಚಂದ್ರ ಬೆಳೆಯುವುದು ನೂರಕ್ಕೆ ಅರ್ಧದಷ್ಟು.